ಇಂಚಪ್ಪ ಹೊಲಿದ ಹೂವಿನ ಅಂಚು

ಫೋನಿನಲ್ಲಿ ಸುಳ್ಳು ಹೇಳಿದರೆ ಮುಖ ಕಾಣುವುದಿಲ್ಲವಲ್ಲ ಎಂಬ ಒಂದೇ ಧೈರ್ಯದ ಮೇಲೆ ಇಂಚಪ್ಪ ಹೋದ ತಿಂಗಳು ಹೆಂಡತಿಗೆ ಒಂದು ಮಾತು ಹೇಳಿಬಿಟ್ಟಿದ್ದ. "ಹೂವಿನ ಪಾತಿ ತಾನೇ? ಮಾಡಿ ಆಯ್ತು."

ಅಲ್ಲಿಗೆ ನಿಲ್ಲಿಸಿದ್ದರೆ ಬಚಾವಾಗುತ್ತಿದ್ದನೇನೋ. ಅಕ್ಕನ ಮನೆಗೆ ಹೋಗಿದ್ದ ಹೆಂಡತಿ ಮುಂದಿನ ಸಲ ವಿಚಾರಿಸಿದಾಗ ಚಿಗುರು ಬಂದಿದೆ ಎಂದ. ಅದರ ಮುಂದಿನ ಸಲ ಮೊಗ್ಗು ಎಂದ. ಕೊನೆಗೆ ಹುಮ್ಮಸ್ಸು ತಡೆಯಲಾರದೆ, ರಸ್ತೆಯಲ್ಲಿ ಹೋಗುವವರೆಲ್ಲ ನಿಂತು ನೋಡಿಕೊಂಡು ಹೋಗ್ತಿದಾರೆ ಕಣೇ ಅಂತಲೂ ಸೇರಿಸಿದ. ಸುಳ್ಳಿಗೆ ನೀರು ಬೇಡ, ಗೊಬ್ಬರ ಬೇಡ. ನಂಬುವ ಒಂದು ಕಿವಿ ಸಿಕ್ಕಿದರೆ ಸಾಕು, ತಾನಾಗಿಯೇ ಹಬ್ಬಿಕೊಳ್ಳುತ್ತದೆ. ನಿಜವಾದ ಪಾತಿ ಇರಬೇಕಾದ ಕಡೆ, ಅಂದರೆ ಮನೆಯ ಮುಂದಿನ ಮೊಣಕಾಲೆತ್ತರದ ಕಾಂಪೌಂಡ್ ಗೋಡೆಯ ಬುಡದಲ್ಲಿ, ಇದ್ದದ್ದು ಒಂದು ತಳವಿಲ್ಲದ ಬಕೆಟ್ಟು ಮತ್ತು ಅದಕ್ಕೊರಗಿ ನಿದ್ದೆ ಮಾಡುವ ಯಾರದೋ ಬೆಕ್ಕು.

ಇವತ್ತು ಬೆಳಿಗ್ಗೆ ಬ್ರೆಡ್ಡನ್ನು ಚಹಾದಲ್ಲಿ ಅದ್ದುತ್ತಿದ್ದಾಗ ಫೋನು ಬಂತು.

"ನಾವು ಹೊರಟ್ವಿ ರೀ. ಸಾಯಂಕಾಲದ ಹೊತ್ತಿಗೆ ಅಲ್ಲಿರ್ತೀವಿ."

"ನಾವು ಅಂದ್ರೆ?"

"ನಾನು, ಭಾವ."

ಕೈಯಲ್ಲಿದ್ದ ಬ್ರೆಡ್ಡು ಲೋಟದೊಳಗೆ ಜಲಸಮಾಧಿಯಾಯಿತು.

ಭಾವ ಎಂದರೆ ಅವಳ ಅಕ್ಕನ ಗಂಡ, ಇಂಚಪ್ಪನ ಷಡ್ಡಕ. ಹೆಂಡತಿ ಕರೆದ ಹಾಗೇ ಇವನೂ ಅವರನ್ನು ಭಾವ ಅಂತಲೇ ಕರೆಯುತ್ತಿದ್ದ, ದೂರದಿಂದ ಮತ್ತು ಆದಷ್ಟು ಕಮ್ಮಿ. ಕೆಲಸದಿಂದ ನಿವೃತ್ತರಾದ ಮೇಲೆ ಅವರಿಗೆ ತೋಟಗಾರಿಕೆ ಹಿಡಿದುಕೊಂಡಿತ್ತು, ಜ್ವರ ಹಿಡಿದ ಹಾಗೆ. ವ್ಯತ್ಯಾಸ ಏನೆಂದರೆ ಜ್ವರ ಅವರಿಗೆ, ನರಳುವುದು ನೆಂಟರು. ಯಾರ ಮನೆಯಲ್ಲಿ ಒಂದಡಿ ಖಾಲಿ ಮಣ್ಣು ಕಂಡರೂ ಅಲ್ಲಿ ಗಿಡ ನೆಡುತ್ತಿದ್ದರು, ಗಿಡದ ಜೊತೆಗೆ ತಾವೂ ಬೇರು ಬಿಡುತ್ತಿದ್ದರು. ಕೋಳಿಗಿಂತ ಮೊದಲು ಎದ್ದು ಮನೆಮಂದಿಯನ್ನೆಲ್ಲ ಬರಿಗಾಲಲ್ಲಿ ಇಬ್ಬನಿಯ ಮೇಲೆ ನಡೆಸುತ್ತಿದ್ದರು. ಚಹಾ ನಿಲ್ಲಿಸಿ, ಹಸಿರು ಬಣ್ಣದ ಒಂದು ಕಹಿ ರಸ ಕುಡಿಸುತ್ತಿದ್ದರು. ಹೋದ ವರ್ಷ ಇಂಚಪ್ಪನ ಭಾವಮೈದನ ಮನೆಯಲ್ಲಿ ಹೀಗೇ ಇದ್ದು ಹೋದರು. ಪಾಪದ ಹುಡುಗ, ಈಗಲೂ ತನ್ನದೇ ಮನೆಯ ಕುರ್ಚಿಯಲ್ಲಿ ಕೂರುವ ಮೊದಲು ಆ ಕಡೆ ಈ ಕಡೆ ನೋಡಿ ಕೂರುತ್ತಾನೆ.

"ಬರೀ ನೋಡ್ಕೊಂಡು ಹೋಗ್ತಾರಂತೆ," ಹೆಂಡತಿ ಮುಂದುವರಿಸಿದಳು. "ಪಾತಿ ಸರಿಯಾಗಿದ್ರೆ ನಾಳೆ ಬೆಳಿಗ್ಗೆ ಬಸ್ಸಿಗೇ ವಾಪಸ್ಸು. ಇಲ್ಲಾಂದ್ರೆ ಒಂದು ತಿಂಗಳು ನಮ್ಮನೇಲೇ ಇದ್ದು ತಾವೇ ಮಾಡಿಕೊಟ್ಟು ಹೋಗ್ತಾರಂತೆ. ಹಾಸಿಗೆ ಸುರುಳಿನೂ ಕಟ್ಕೊಂಡಿದಾರೆ, ಪಾಪ."

ಆ 'ಪಾಪ' ನ್ಯಾಯವಾಗಿ ಯಾರಿಗೆ ಸೇರಬೇಕಾದದ್ದು ಎಂದು ಇಂಚಪ್ಪನಿಗೆ ಗೊತ್ತಿತ್ತು.

ಇಂಚಪ್ಪ ಕಸುಬಿನಲ್ಲಿ ದರ್ಜಿ. ಮುಂಭಾಗದ ಕೋಣೆಯಲ್ಲೇ ಮಿಷನ್ನು, ಮೇಜು, ಕನ್ನಡಿ. ಕೊರಳಲ್ಲಿ ಸದಾ ಟೇಪು. ಚಾ ಎಷ್ಟು ಬೇಕು ಅಂದರೂ ಒಂದಿಂಚು ಕಮ್ಮಿ ಹಾಕಿ ಅನ್ನುವಂಥವನು. ಅದಕ್ಕೇ ಬೀದಿಯವರು ಇಟ್ಟ ಹೆಸರು ಇಂಚಪ್ಪ. ಊರಿನ ಅರ್ಧ ಜನರ ನಡುವಿನ ಅಳತೆ ಬಾಯಲ್ಲೇ ಇತ್ತು. ನೆಡುವ ಅಳತೆ ಮಾತ್ರ ಗೊತ್ತಿರಲಿಲ್ಲ.

ಆದರೂ ಕಸುಬುದಾರ ಕಸುಬುದಾರನೇ. ಗಾಬರಿ ಒಂದು ಹಂತಕ್ಕೆ ಬಂದ ಮೇಲೆ ಅವನಿಗೆ ಅನ್ನಿಸಿತು, ಪಾತಿ ಅಂದರೆ ಏನು ಮಹಾ? ಅಂಗಳಕ್ಕೆ ಒಂದು ಅಂಚು. ಪರದೆಗೆ ಅಂಚು ಹೊಲಿಯುವವನಿಗೆ ಅಂಗಳಕ್ಕೆ ಹೊಲಿಯುವುದು ಕಷ್ಟವೇ? ಬಕೆಟ್ಟನ್ನು ಒದ್ದ, ಬೆಕ್ಕನ್ನು ಬೇಡಿಕೊಂಡ. ಗೋಡೆಯುದ್ದಕ್ಕೂ ಟೇಪು ಹಿಡಿದ. ಹಳೇ ಪೇಪರುಗಳನ್ನು ಅಂಟಿಸಿ, ಒಂದು ಕಡೆ ಚೂರು ಬಳುಕು ಕೊಟ್ಟು, ಪಾತಿಯ ಆಕಾರಕ್ಕೆ ಕತ್ತರಿಸಿ ನೆಲದ ಮೇಲೆ ಹಾಸಿ, ನಾಲ್ಕೂ ಕಡೆ ಗುಂಡುಪಿನ್ನು ಚುಚ್ಚಿದ. ಮಣ್ಣಿನ ಮೇಲೆ ಸೀಮೆಸುಣ್ಣದಲ್ಲಿ ಗೀಟು ಎಳೆಯಲು ಹೋದಾಗ ಸುಣ್ಣ ಪುಡಿಯಾಯಿತೇ ಹೊರತು ಗೀಟು ಬೀಳಲಿಲ್ಲ. ಮಣ್ಣಿಗೆ ಇಸ್ತ್ರಿ ಇಲ್ಲದಿರುವುದೇ ಕಾರಣ ಎಂದು ಸಮಾಧಾನಪಟ್ಟುಕೊಂಡ.

ನರ್ಸರಿಯಲ್ಲಿ ಸಸಿ ಮಾರುವವನು ಬಿಸಿಲೋ ನೆರಳೋ ಎಂದು ಕೇಳಿದ. ಇಂಚಪ್ಪ ನೀಲಿ ದಾರದ ಉಂಡೆಯೊಂದನ್ನು ಜೇಬಿನಿಂದ ತೆಗೆದು, ಇದಕ್ಕೆ ಮ್ಯಾಚ್ ಆಗೋದು ಕೊಡಿ ಎಂದ. ಸಸಿಯವನು ಅವನ ಮುಖವನ್ನೂ ದಾರವನ್ನೂ ನೋಡಿ, ಯಾವುದಕ್ಕೂ ಇರಲಿ ಎಂದು ಎಲ್ಲಾ ಬಣ್ಣದ್ದೂ ಕೊಟ್ಟ. ಗಿಡದಿಂದ ಗಿಡಕ್ಕೆ ಒಂದು ಮೊಳವಾದರೂ ಜಾಗ ಬಿಡಿ ಸಾರ್, ದೊಡ್ಡವಾಗ್ತವೆ ಎಂದೂ ಹೇಳಿದ. ಇಂಚಪ್ಪ ತಲೆಯಾಡಿಸಿದ. ಬೆಳೆಯುವ ಮಕ್ಕಳ ಅಂಗಿಗೆ ಒಳಗೆ ಎರಡಿಂಚು ಮಡಚಿ ಬಿಡುವುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಈ ಅಂಗಿ ನಾಳೆ ಬೆಳಗಿನ ಬಸ್ಸಿನ ತನಕ ಮೈ ಮೇಲೆ ನಿಂತರೆ ಸಾಕಿತ್ತು. ಹೀಗಾಗಿ ಎಲ್ಲವನ್ನೂ ಬಿಗಿಯಾಗಿಯೇ ಹಿಡಿದ.

ಅಂಗಿಗೆ ಗುಂಡಿ ಹಾಕುವುದರಲ್ಲಿ ಅವನದು ಎತ್ತಿದ ಕೈ. ನೆಲಕ್ಕೆ ಗುಂಡಿ ಹಾಕುವಾಗ ಎತ್ತಿದ ಕೈ ಕೆಳಗಿಳಿಯಲಿಲ್ಲ, ಭುಜ ಹಿಡಿದುಕೊಂಡಿತು. ಅಂತೂ ಹಾರೆಗೆ ಜೋತುಬಿದ್ದು ನಾಲ್ಕು ಬೆರಳು ಆಳದ ಗುಂಡಿಗಳನ್ನು ಅಂಗಿಯ ಮುಂಭಾಗದ ಹಾಗೆ ಸಾಲುಸಾಲಾಗಿ ತೋಡಿದ. ಪ್ಲಾಸ್ಟಿಕ್ ಚೀಲ ಬಿಚ್ಚಿದಾಗ ಪ್ರತಿ ಸಸಿಯ ಬುಡದಲ್ಲೂ ಎಳೆಎಳೆಯಾಗಿ ಏನೇನೋ ಜೋತಾಡುತ್ತಿತ್ತು. ಇಂಚಪ್ಪನಿಗೆ ಇದು ಸಹಿಸಲಾಗದ ವಿಷಯ. ಎಷ್ಟೇ ಅವಸರವಿದ್ದರೂ ದಾರದ ತುದಿ ಜೋತಾಡುವ ಬಟ್ಟೆಯನ್ನು ಅವನು ಇವತ್ತಿನವರೆಗೂ ಯಾರ ಕೈಗೂ ಕೊಟ್ಟವನಲ್ಲ. ಚಿಕ್ಕ ಕತ್ತರಿ ತೆಗೆದುಕೊಂಡು, ಒಂದೊಂದೇ ಸಸಿಯನ್ನು ಎತ್ತಿ ಹಿಡಿದು, ಬುಡವನ್ನು ಸುತ್ತಲೂ ಚೊಕ್ಕಟವಾಗಿ ಟ್ರಿಮ್ ಮಾಡಿ, ಆಮೇಲೇ ನೆಟ್ಟ.

ಎತ್ತರದವು ಗೋಡೆಯ ಕಡೆ, ಕುಳ್ಳು ಮನೆಯ ಕಡೆ. ಜಗಲಿಯ ಮೇಲೆ ನಿಂತು ನೋಡಿದರೆ ಮೆಟ್ಟಿಲು ಮೆಟ್ಟಿಲಾಗಿ ಚೆಂದವೇ ಕಾಣುತ್ತಿತ್ತು. ಸೊಂಟದ ಮೇಲೆ ಕೈಯಿಟ್ಟು ಇನ್ನೇನು ಉಸಿರು ಬಿಡಬೇಕು, ಗೋಡೆಯಾಚೆ ಇದೇ ಬೀದಿಯ ಬಸ್ ಕಂಡಕ್ಟರ್ ಬಂದು ನಿಂತ.

ಕಂಡಕ್ಟರಿಗೆ ಇವತ್ತು ರಜೆ. ರಜೆಯ ದಿನ ಬಸ್ಸಿಲ್ಲದೆ, ಜನರನ್ನು ಹಿಂದೆ ಮುಂದೆ ತಳ್ಳಲು ಸಿಗದೆ ಅವನಿಗೆ ಮೈಯೆಲ್ಲ ನವೆಯಾಗುತ್ತಿತ್ತು. ಪಾತಿ ನೋಡಿದವನೇ, ಇದೇನ್ರೀ ಇಂಚಪ್ಪನವರೇ, ಉದ್ದ ಇರೋರೆಲ್ಲ ಬಾಗಿಲಲ್ಲೇ ನಿಂತಿದಾರೆ ಎಂದ. ರಸ್ತೆಯಿಂದ ನೋಡುವವರಿಗೆ ಬರೀ ಬೆನ್ನು ಕಾಣುತ್ತಂತೆ. ನೋಡಿ ಹೊಗಳುವವರು ರಸ್ತೆಯಲ್ಲಿ ತಾನೇ ಇರುವುದು, ಮನೆಯೊಳಗೆ ಕೂತು ಯಾರು ಹೊಗಳುತ್ತಾರೆ ಎಂದೂ ಕೇಳಿದ. ಇಂಚಪ್ಪನಿಗೆ ತಾನು ಬಟ್ಟೆಯ ಒಳಮೈಯನ್ನು ಹೊರಗೆ ಹಾಕಿ ಹೊಲಿದ ಹಾಗಾಯಿತು. ಉತ್ತರ ಹೇಳುವುದರೊಳಗೆ ಕಂಡಕ್ಟರ್ ಗೋಡೆ ದಾಟಿ ಒಳಗೆ ಬಂದಿದ್ದ. "ಹಿಂದೆ ಜಾಗ ಇದೆ, ಹಿಂದೆ ಹೋಗ್ರಿ, ಬಾಗಿಲು ಬಿಡ್ರಿ," ಎನ್ನುತ್ತ ಒಂದೊಂದೇ ಸಸಿಯನ್ನು ಕಿತ್ತು ಕೈಗೆ ಕೊಟ್ಟ. ಇಂಚಪ್ಪ ಎಲ್ಲವನ್ನೂ ತಿರುವಿ ನೆಟ್ಟ.

ನೆಟ್ಟು ಮುಗಿಯುವ ಹೊತ್ತಿಗೆ ಪಕ್ಕದ ಮನೆಯ ಫೋಟೋದವರು ಎರಡೂ ಕೈಯ ಬೆರಳುಗಳಿಂದ ಚೌಕಟ್ಟು ಮಾಡಿಕೊಂಡು, ಒಂದು ಕಣ್ಣು ಮುಚ್ಚಿ, ಇವರನ್ನೇ ನೋಡುತ್ತಿದ್ದರು. ಇಡೀ ಆಯುಷ್ಯ ಮದುವೆ ಮನೆಯ ಗ್ರೂಪ್ ಫೋಟೋ ತೆಗೆದವರು. ಅವರ ಪ್ರಕಾರ ಎರಡೂ ತಪ್ಪು. ಮಧ್ಯದಲ್ಲಿ ಎತ್ತರ, ಅಕ್ಕಪಕ್ಕ ಕುಳ್ಳು, ತುದಿಗಳಲ್ಲಿ ದಪ್ಪ ಇದ್ದರೆ ಮಾತ್ರ ಯಾವ ಕಡೆಯಿಂದ ನೋಡಿದರೂ ಫೋಟೋ ಕೂರುತ್ತದೆ. ರಸ್ತೆಯೂ ನೋಡಲಿ, ಮನೆಯೂ ನೋಡಲಿ. ಮಾತು ನ್ಯಾಯವಾಗಿತ್ತು. ಮೂರನೇ ಸಲ ಎಲ್ಲವೂ ಮೇಲೆದ್ದು ಮತ್ತೆ ಕೆಳಗಿಳಿದವು. "ಸ್ವಲ್ಪ ಗಲ್ಲ ಎತ್ತಿ," ಎಂದು ಫೋಟೋದವರು ಒಂದು ಸೇವಂತಿಗೆಗೆ ಹೇಳಿದರು. ಅದು ಗಲ್ಲ ಎತ್ತಲಿಲ್ಲ. ಇನ್ನೂ ಚೂರು ತಗ್ಗಿಸಿತು. ಅದರ ಪಕ್ಕದ್ದೂ ತಗ್ಗಿಸಿತು. ನೋಡುನೋಡುತ್ತ ಪಾತಿಗೆ ಪಾತಿಯೇ ಶೋಕಸಭೆಯಲ್ಲಿ ಎದ್ದುನಿಂತ ಹಾಗೆ ತಲೆತಗ್ಗಿಸಿ ನಿಂತಿತು.

ಎದುರು ಮನೆಯ ಸಿಸ್ಟರನ್ನು ಕರೆದುಕೊಂಡು ಬಂದದ್ದು ಕಂಡಕ್ಟರ್. ದೊಡ್ಡಾಸ್ಪತ್ರೆಯಲ್ಲಿ ವಾರ್ಡು ವಾರ್ಡುಗಳನ್ನೇ ಗದರಿಸಿ ಗುಣಪಡಿಸಿದ ಹೆಂಗಸು ಆಕೆ. ಬಂದವರೇ ಒಂದು ಎಲೆಯನ್ನು ಎರಡು ಬೆರಳಲ್ಲಿ ಹಿಡಿದು ಗಡಿಯಾರ ನೋಡಿದರು. ಕೊನೆಗೆ ಒಂದನ್ನು ಮೇಲಕ್ಕೆತ್ತಿ ಬುಡ ತಿರುವಿ ನೋಡಿದಾಗ ಅವರ ಹುಬ್ಬು ಕೂದಲಿನೊಳಗೆ ಹೊಕ್ಕಿತು.

"ಯಾರು ಇದಕ್ಕೆ ಆಪರೇಷನ್ ಮಾಡಿದ್ದು?"

"ಆಪರೇಷನ್ ಅಲ್ಲ ಸಿಸ್ಟರ್," ಇಂಚಪ್ಪ ತೊದಲಿದ. "ದಾರ ಬಿಟ್ಕೊಂಡಿತ್ತು. ಫಿನಿಶಿಂಗ್ ಮಾಡಿದೆ."

"ಬೇರು ಅಂತಾರೆ ಅದಕ್ಕೆ."

ಕಂಡಕ್ಟರ್ ಗೋಡೆ ಹಿಡಿದುಕೊಂಡು ಕೂತ. ಫೋಟೋದವರು ನಗು ಬಂದರೂ ನಗದೆ, ಕ್ಯಾಮೆರಾ ಹಿಂದೆ ನಿಂತ ಅಭ್ಯಾಸದಿಂದ ಮುಖ ಮರೆಸಿಕೊಂಡರು. ಸಿಸ್ಟರ್ ಮಾತ್ರ ರೋಗಿಯ ಕಡೆಯವರಿಗೆ ಹೇಳುವ ದನಿಯಲ್ಲಿ, ಎಲ್ಲರಿಗೂ ಹೇಳಿ ಕಳಿಸೋದಿದ್ರೆ ಹೇಳಿ ಕಳಿಸಿಬಿಡಿ ಎಂದರು.

ಇಂಚಪ್ಪ ಮೆಟ್ಟಿಲ ಮೇಲೆ ಕುಸಿದ. ಬಿಸಿಲು ಆಗಲೇ ನೆತ್ತಿ ದಾಟಿತ್ತು. ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಫೋನಿನ ಸುಳ್ಳಿನಿಂದ ಹಿಡಿದು ಹಾಸಿಗೆ ಸುರುಳಿಯವರೆಗೂ ಎಲ್ಲವನ್ನೂ ಬಿಚ್ಚಿ ಹೇಳಿದ. ಮೊದಮೊದಲು ಮೂವರೂ ನಗುತ್ತಲೇ ಕೇಳಿದರು. ಷಡ್ಡಕ ಅನ್ನುವ ಮಾತು ಬಂದದ್ದೇ ತಡ, ನಗು ಸ್ವಿಚ್ಚು ಆರಿಸಿದ ಹಾಗೆ ಆರಿಹೋಯಿತು.

"ಆ ಮನುಷ್ಯನಾ?" ಎಂದರು ಸಿಸ್ಟರ್.

ಹಿಂದೊಮ್ಮೆ ಭಾವ ಒಂದೇ ಒಂದು ಮಧ್ಯಾಹ್ನಕ್ಕೆ ಈ ಬೀದಿಗೆ ಬಂದುಹೋಗಿದ್ದರು. ಅಷ್ಟರಲ್ಲೇ ಸಿಸ್ಟರ ಗುಲಾಬಿ ಗಿಡಗಳ ತಲೆ ಬೋಳಿಸಿ, ಒಳ್ಳೇದಕ್ಕೇ ಮಾಡಿದ್ದು ಎಂದು ಕೈ ತೊಳೆದುಕೊಂಡಿದ್ದರು. ಫೋಟೋದವರನ್ನು ಹಿಡಿದು ನಿಲ್ಲಿಸಿ ಎರೆಹುಳದ ಸಂಸಾರದ ಬಗ್ಗೆ ಸಂಜೆಯವರೆಗೂ ಹೇಳಿದ್ದರು. ಕಂಡಕ್ಟರಿಗೆ ಆ ಹಸಿರು ರಸ ಕುಡಿಸಿದ್ದರು. ಮಾರನೇ ದಿನ ಅವನ ಬಸ್ಸು ಎಲ್ಲೆಲ್ಲಿ ನಿಲ್ಲಬಾರದೋ ಅಲ್ಲೆಲ್ಲ ನಿಂತು ನಿಂತು ಹೋಗಬೇಕಾಗಿತ್ತು. ಒಂದು ಮಧ್ಯಾಹ್ನಕ್ಕೆ ಇಷ್ಟಾದರೆ ಒಂದು ತಿಂಗಳಿಗೆ ಎಷ್ಟು ಎಂದು ನಾಲ್ಕೂ ಜನ ಮನಸ್ಸಿನಲ್ಲೇ ಗುಣಿಸಿದರು.

ಉಪಾಯ ಯಾರು ಹೇಳಿದ್ದೆಂದು ಆಮೇಲೆ ಯಾರೂ ಒಪ್ಪಿಕೊಳ್ಳಲಿಲ್ಲ. ಸಿಸ್ಟರ ಮನೆಯಲ್ಲಿ ಡೇರೆ ಹೂವಿನ ಕುಂಡಗಳಿದ್ದವು, ಮಗ್ಗುಲ ಕೋಣೆಯ ನೆರಳಲ್ಲಿ ಬಣ್ಣಬಣ್ಣದ ಎಲೆಗಳ ಗಿಡಗಳಿದ್ದವು. ಕಂಡಕ್ಟರ್ ಹೆಂಡತಿಯದು ತಾರಸಿಯ ತುಂಬ ದಾಸವಾಳ, ಜಿನ್ನಿಯಾ. ಫೋಟೋದವರ ಸ್ಟುಡಿಯೋ ಬಾಗಿಲಲ್ಲಿ ಅಲಂಕಾರಕ್ಕೆಂದು ಇಟ್ಟ ಸೇವಂತಿಗೆಗಳಿದ್ದವು. ಕುಂಡ ಸಮೇತ ತಂದು, ಮಣ್ಣಿನಲ್ಲಿ ಹೂತು, ಬಾಯಿ ಮುಚ್ಚಿದರೆ ಪಾತಿ. ಕುಂಡದ ಬಾಯಿಯ ಜೊತೆಗೆ ಬೀದಿಯ ಬಾಯಿಯನ್ನೂ ಮುಚ್ಚಿದರೆ ಬೆಳಿಗ್ಗೆ ಬಸ್ಸು. ಬಸ್ಸು ಹೊರಟ ಮರುಗಳಿಗೆ ಎಲ್ಲರ ಕುಂಡ ಎಲ್ಲರ ಮನೆಗೆ.

ನಾಲ್ಕು ಬೆರಳಿನ ಗುಂಡಿಯಲ್ಲಿ ಕುಂಡ ಕೂರುವುದೆಲ್ಲಿ? ಬಾಡಿದ ಸಸಿಗಳನ್ನೆಲ್ಲ ಕಿತ್ತು ಹಿತ್ತಲಿಗೆ ಸಾಗಿಸಿ ಮತ್ತೆ ಹಾರೆ ಎತ್ತಬೇಕಾಯಿತು. ಈ ಸಲ ಇಂಚಪ್ಪ ಮೊಣಕೈ ಆಳಕ್ಕೆ ಹೋದ. ಕಂಡಕ್ಟರ್ ತಾರಸಿಯಿಂದ ಕುಂಡ ಇಳಿಸುವಾಗ ಮೆಟ್ಟಿಲುದ್ದಕ್ಕೂ "ಸರ್ಕೊಳ್ಳಿ, ಲಗೇಜು, ಲಗೇಜು," ಎಂದು ಕೂಗುತ್ತಿದ್ದ. ಅವನ ಹೆಂಡತಿ ಹಿಂದಿನಿಂದಲೇ ಬಂದು ಒಂದು ಎಲೆ ಉದುರಿದರೂ ರಾತ್ರಿ ಊಟ ಇಲ್ಲ ಎಂದು ಹೇಳಿ ಹೋದಳು. ಸಿಸ್ಟರ್ ಪ್ರತಿ ಗಿಡಕ್ಕೂ ಎಷ್ಟು ನೀರು, ಯಾವಾಗ, ಯಾವ ಲೋಟದಲ್ಲಿ ಎಂದು ಅಪ್ಪಣೆ ಕೊಟ್ಟರು. ಫೋಟೋದವರು ದೂರ ನಿಂತು ಡೇರೆಯನ್ನು ಎಡಕ್ಕೆ, ದಾಸವಾಳವನ್ನು ಬಲಕ್ಕೆ, ಇಂಚಪ್ಪನನ್ನು ಚೌಕಟ್ಟಿನಿಂದ ಆಚೆಗೆ ಸರಿಸಿದರು.

ಹೊತ್ತು ಇಳಿಯುವ ವೇಳೆಗೆ ಗೋಡೆಯುದ್ದಕ್ಕೂ ಬಣ್ಣದ ಹೊಳೆ ಹರಿದಿತ್ತು. ಇಂಚಪ್ಪ ಹಿಂದೆ ಸರಿದು ನೋಡಿದ. ಅಂಗಳ ಹೊಸ ಬಟ್ಟೆ ಉಟ್ಟ ಹಾಗಿತ್ತು. ತಾನು ಹೇಳಿದ ಸುಳ್ಳು ಇಷ್ಟು ಚೆನ್ನಾಗಿರುತ್ತದೆ ಅಂತ ಅವನಿಗೇ ಗೊತ್ತಿರಲಿಲ್ಲ. ನಿಜವಾಗಿಯೂ ರಸ್ತೆಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ನೋಡಿಕೊಂಡು ಹೋದರು.

ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಹಾಸಿಗೆ ಸುರುಳಿ ಕಂಡಿತು. ಅದರ ಕೆಳಗೆ ಭಾವ. ಹಿಂದೆ ಇಂಚಪ್ಪನ ಹೆಂಡತಿ.

ಭಾವ ಮನೆಯೊಳಗೆ ಹೋಗಲಿಲ್ಲ, ನೀರು ಕೇಳಲಿಲ್ಲ, ಹೇಗಿದೀಯಪ್ಪ ಎನ್ನಲಿಲ್ಲ. ಸುರುಳಿಯನ್ನು ಜಗಲಿಗೆ ಎಸೆದು, ಚಪ್ಪಲಿ ಬಿಟ್ಟು, ಪಾತಿಯುದ್ದಕ್ಕೂ ಆ ತುದಿಯಿಂದ ಈ ತುದಿಗೆ ನಡೆದರು. ಕೂತರು. ಮೂಸಿದರು. ಒಂದು ಬೆರಳನ್ನು ಮಣ್ಣಿಗೆ ಊರಿದಾಗ, ಅದು ಕುಂಡದ ಅಂಚಿಗೆ ತಾಕದಿರಲೆಂದು ಇಂಚಪ್ಪ ಕಣ್ಣು ಮುಚ್ಚಿದ. ತಾಕಲಿಲ್ಲ. ಎದುರು ಮನೆಯ ಜಗಲಿಯಲ್ಲಿ ಸಿಸ್ಟರ್ ತಮ್ಮದೇ ನಾಡಿ ಹಿಡಿದುಕೊಂಡು ಕೂತಿದ್ದರು. ಕಂಡಕ್ಟರೂ ಫೋಟೋದವರೂ ಗೋಡೆಯ ಆಚೆ ನಿಂತು ಹವಾಮಾನದ ಬಗ್ಗೆ ಮಾತಾಡುವವರ ಹಾಗೆ ಆಕಾಶ ನೋಡುತ್ತಿದ್ದರು.

"ಯಾರು ಮಾಡಿದ್ದು ಇದನ್ನ?" ಭಾವ ಕೊನೆಗೆ ಕೇಳಿದರು.

"ಇವರೇ ಭಾವ. ಒಬ್ಬರೇ," ಎಂದಳು ಹೆಂಡತಿ. ಗಂಡನ ವಿಷಯದಲ್ಲಿ ಆ ದನಿ ಅವಳ ಗಂಟಲಿಂದ ಬಂದು ಎಷ್ಟೋ ವರ್ಷವಾಗಿತ್ತು. ಇಂಚಪ್ಪನಿಗೆ ಮೈ ಝುಮ್ಮೆಂದಿತು, ನಾಚಿಕೆಯೂ ಆಯಿತು.

"ಒಂದು ತಿಂಗಳಲ್ಲಿ?"

"ಸ್ವಲ್ಪ ಕಮ್ಮಿನೇ," ಎಂದ ಇಂಚಪ್ಪ. ತಿಂಗಳಿಂದ ಹೆಂಡತಿಯ ಕಿವಿಗೆ ಬೀಳುವಂತೆ ಪಾತಿಯ ಬಗ್ಗೆ ಅವನು ಆಡಿದ ಮೊದಲ ನಿಜ ಅದು.

ಭಾವ ಎದ್ದು ನಿಂತು ಪಂಚಾಯ್ತಿ ತೀರ್ಪು ಹೇಳುವವರ ಹಾಗೆ ಗಂಟಲು ಸರಿಮಾಡಿಕೊಂಡರು. ನೆರಳಲ್ಲಿ ಬೆಳೆಯುವ ಗಿಡವೂ ಬಿಸಿಲಲ್ಲಿ ಬೆಳೆಯುವ ಗಿಡವೂ ಒಂದೇ ಸಾಲಿನಲ್ಲಿ ನಗುತ್ತಿವೆ ಎಂದರು. ವರ್ಷಗಟ್ಟಲೆ ಬೇಕಾದ ಬುಡ ತಿಂಗಳಲ್ಲಿ ಬಂದಿದೆ, ಒಂದೆಲೆ ಬಾಡಿಲ್ಲ ಎಂದರು. ಆಮೇಲೆ ಇಂಚಪ್ಪನ ಹೆಂಡತಿಯ ಕಡೆ ತಿರುಗಿ, "ಇಲ್ಲಿ ನನಗೇನೂ ಕೆಲಸ ಇಲ್ಲಮ್ಮ," ಎಂದುಬಿಟ್ಟರು.

ಇಂಚಪ್ಪನ ಎದೆ ಹಗುರಾಗಿ ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡಿತು. ಗೋಡೆಯಾಚೆ ಕಂಡಕ್ಟರ್ ಗಾಳಿಯಲ್ಲಿ ಕೈ ಬೀಸಿ ಸದ್ದಿಲ್ಲದೆ ರೈಟ್ ರೈಟ್ ಅಂದ. ಗೆದ್ದವನಿಗೆ ಉದಾರತೆ ತಾನಾಗಿ ಉಕ್ಕುತ್ತದೆ. "ಅದೆಂಥ ಮಾತು ಭಾವ, ಇಷ್ಟು ದೂರ ಬಂದಿದೀರಿ, ನಾಲ್ಕು ದಿನ ಇದ್ದು ಹೋಗಬಹುದಿತ್ತು," ಎಂದು ಇಂಚಪ್ಪ ಬಾಯಿತುಂಬ ಉಪಚಾರ ಮಾಡಿದ.

"ನಾಲ್ಕು ದಿನ ಎಲ್ಲಿ ಸಾಲತ್ತೆ?" ಭಾವ ಜಗಲಿ ಹತ್ತಿ ಹಾಸಿಗೆ ಸುರುಳಿಯ ಹಗ್ಗ ಬಿಚ್ಚತೊಡಗಿದರು. "ಕಲಿಸೋಕೆ ಅಂತ ಬಂದಿದ್ದೆ. ಕಲಿಸೋದಾಗಿದ್ರೆ ಒಂದು ತಿಂಗಳು ಸಾಕಿತ್ತು. ಇದನ್ನ ಕಲಿಯೋಕೆ ನನಗೆ ಒಂದು ವರ್ಷನಾದ್ರೂ ಬೇಕು. ಇಲ್ಲೇ ಇರ್ತೀನಿ, ಗುರುಗಳೇ."

ಗೋಡೆಯಾಚೆ ಹವಾಮಾನ ಕೆಟ್ಟಿತು. ಕಂಡಕ್ಟರ್ ತನ್ನ ದಾಸವಾಳವನ್ನು ಒಮ್ಮೆ, ತನ್ನ ಮನೆಯ ಕಡೆ ಒಮ್ಮೆ ನೋಡಿದ. ಫೋಟೋದವರು ಕೆಮ್ಮಿದರು. ಸಿಸ್ಟರ್ ರಸ್ತೆ ದಾಟಿ ಬಂದು ಅವರ ಪಕ್ಕದಲ್ಲಿ ನಿಂತರು. ಮೂವರ ಆರು ಕಣ್ಣೂ ಇಂಚಪ್ಪನನ್ನು ಚುಚ್ಚುತ್ತಿದ್ದವು: ನಮ್ಮ ಕುಂಡ?

ಇಂಚಪ್ಪನ ತಲೆ ಆ ಗಳಿಗೆಯಲ್ಲಿ ಮಿಷನ್ನಿಗಿಂತ ಜೋರಾಗಿ ಓಡಿತು. ಹೊಲಿಗೆ ತಪ್ಪಿದಾಗ ದರ್ಜಿ ಏನು ಮಾಡುತ್ತಾನೆ?

"ಮೊದಲನೇ ಪಾಠ ಬಿಚ್ಚೋದು ಭಾವ," ಎಂದ, ಆದಷ್ಟು ಗುರುವಿನ ಗತ್ತಿನಲ್ಲಿ. "ನಾಳೆ ಬೆಳಿಗ್ಗೆ ಎದ್ದ ತಕ್ಷಣ ಇಷ್ಟೂ ಗಿಡ ಕಿತ್ತು ನೆರೆಯವರಿಗೆಲ್ಲ ಹಂಚಿಬಿಡಬೇಕು. ಮಾಡಿದ್ದರ ಮೇಲೆ ಮೋಹ ಇರಬಾರದು ನೋಡಿ."

ಗೋಡೆಯಾಚೆಯಿಂದ ಮೂರು ನಿಟ್ಟುಸಿರು ಒಟ್ಟಿಗೆ ಕೇಳಿಸಿತು. ಆದರೆ ಭಾವನ ಕಣ್ಣು ಒದ್ದೆಯಾಗಿತ್ತು. ಇಂಥ ದೊಡ್ಡ ಮನಸ್ಸು ತಾವು ಎಲ್ಲೂ ಕಂಡಿಲ್ಲ ಎಂದು ಇಂಚಪ್ಪನ ಎರಡೂ ಕೈ ಹಿಡಿದುಕೊಂಡರು.

"ನಾನೂ ಅದನ್ನೇ ಕೇಳಬೇಕು ಅಂತಿದ್ದೆ. ಖಾಲಿ ಮಣ್ಣಿಂದ ಶುರು ಮಾಡೋಣ. ಬೀಜದಿಂದ ಹೂವಿನವರೆಗೂ ನೀವು ಹೇಗೆ ಮಾಡ್ತೀರೋ ಹಾಗೇ ಮಾಡ್ತಾ ಹೋಗಿ. ನಾನು ಪಕ್ಕದಿಂದ ಅಲ್ಲಾಡೋದಿಲ್ಲ." ಆಮೇಲೆ ಒಳಗೆ ತಿರುಗಿ ಇಂಚಪ್ಪನ ಹೆಂಡತಿಗೆ ಕೂಗಿ ಹೇಳಿದರು: "ನನ್ನ ದಿಂಬಿನ ಜೊತೆಗೆ ಗುರುಗಳದ್ದೂ ಇಲ್ಲೇ ತಂದುಹಾಕಮ್ಮ. ಬೆಳಗಿನ ಇಬ್ಬನಿಗೆ ಇಬ್ಬರೂ ಒಟ್ಟಿಗೇ ಏಳ್ತೀವಿ. ಹಾಗೇ ಎರಡು ಲೋಟ ತೊಳೆದಿಡು, ರಸ ನಾನು ತಂದಿದೀನಿ."